ದಾಖಲಾತಿ, ಬಲ, ಸ್ವಯಂ ಏರಿಕೆ: ಮಿನೆಸೋಟಾದ ಪ್ರೌಢಶಾಲಾ ಐಸ್ ಹಾಕಿಯ ವರ್ಗೀಕರಣ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ ಮತ್ತು ಎಣಿಕೆಯ ಕ್ರಮ

ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ ಪ್ರೌಢಶಾಲಾ ಹುಡುಗರ ಹಾಕಿ ತಂಡಗಳನ್ನು ರಾಜ್ಯ ಪಂದ್ಯಾವಳಿಗಾಗಿ ದರ್ಜೆಗಳಾಗಿ ವಿಂಗಡಿಸುವ ಕ್ರಮ ಈ ಟಿಪ್ಪಣಿಯ ವಿಷಯ. ಆ ಕ್ರಮ ನ್ಯಾಯಯುತವೇ ಎಂಬ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿಲ್ಲ. ವಿಜೇತರ ಪಟ್ಟಿಯೊಂದನ್ನೇ ಆಧಾರವಾಗಿಟ್ಟುಕೊಂಡರೆ ಆ ಪ್ರಶ್ನೆಗೆ ಎಷ್ಟರ ಮಟ್ಟಿಗೆ ಉತ್ತರಿಸಲು ಸಾಧ್ಯ ಎಂಬುದನ್ನು ಮಾತ್ರ ಪರಿಶೀಲಿಸಲಾಗಿದೆ.

ಹಾಕಿ ಎಂದಲ್ಲೆಲ್ಲ ಐಸ್ ಹಾಕಿ ಎಂದೇ ತಿಳಿಯಬೇಕು. ವರ್ಷ ಎಂದರೆ ರಾಜ್ಯ ಪಂದ್ಯಾವಳಿ ನಡೆದ ವರ್ಷ. ಚಳಿಗಾಲದ ಆಟವಾದ್ದರಿಂದ ಋತು ಎರಡು ವರ್ಷಗಳಲ್ಲಿ ಹರಡಿಕೊಂಡಿರುತ್ತದೆ, ಆಗ 2013-14 ಎಂಬಂತೆ ಬರೆಯಲಾಗಿದೆ. ‘ಲೀಗ್’ ಎಂದರೆ ಈ ಪಂದ್ಯಾವಳಿಯನ್ನು ನಡೆಸುವ ಮಿನೆಸೋಟಾ ಸ್ಟೇಟ್ ಹೈಸ್ಕೂಲ್ ಲೀಗ್. ‘ವಿಜೇತ’ ಎಂದರೆ ಅಂತಿಮ ಪಂದ್ಯ ಗೆದ್ದ ತಂಡ ಮಾತ್ರ. ಎಣಿಕೆಯನ್ನು 2024ಕ್ಕೆ ನಿಲ್ಲಿಸಲಾಗಿದೆ.

ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ವಿಂಗಡಣೆಗೆ ಮುಖ್ಯ ಆಧಾರ ವಯಸ್ಸು. ರಾಷ್ಟ್ರೀಯ ಶಾಲಾ ಕ್ರೀಡೆಗಳ 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳು ಪರಿಚಿತವೇ. ಅಲ್ಲಿ ಶಾಲೆ ಎಷ್ಟು ದೊಡ್ಡದು ಎಂದು ಯಾರೂ ಕೇಳುವುದಿಲ್ಲ. ಮಿನೆಸೋಟಾದಲ್ಲಿ ವಯಸ್ಸು ವಿವಾದದ ವಿಷಯವಲ್ಲ. ವಿಂಗಡಣೆಯ ಘಟಕ ಶಾಲೆ, ಅಳತೆ ಅದರ ವಿದ್ಯಾರ್ಥಿ ಸಂಖ್ಯೆ. ಮುಂದಿನ ಚರ್ಚೆಯೆಲ್ಲ ಈ ಘಟಕ ಮತ್ತು ಈ ಅಳತೆಯ ಸುತ್ತ ಇದೆ.

2. ಒಂದೇ ದರ್ಜೆಯ ಕಾಲ, 1945–1991

ಮೊದಲ ರಾಜ್ಯ ಪಂದ್ಯಾವಳಿ 1945ರಲ್ಲಿ ಸೇಂಟ್ ಪಾಲ್ ನಗರದಲ್ಲಿ ನಡೆಯಿತು. ಉತ್ತರದ ಗಣಿ ಊರಾದ ಎವೆಲೆತ್ ಅಂತಿಮ ಪಂದ್ಯದಲ್ಲಿ ಥೀಫ್ ರಿವರ್ ಫಾಲ್ಸ್ ತಂಡವನ್ನು 4–3ರಿಂದ ಸೋಲಿಸಿತು. ಅಲ್ಲಿಂದ 1991ರವರೆಗೆ 47 ಪಂದ್ಯಾವಳಿಗಳು. ಈ ಅವಧಿಯಲ್ಲಿ ಗಾತ್ರದ ಆಧಾರದ ಮೇಲೆ ಯಾವ ವಿಂಗಡಣೆಯೂ ಇರಲಿಲ್ಲ. ಎಲ್ಲರಿಗೂ ಒಂದೇ ಪ್ರಶಸ್ತಿ.

ಈ 47ನ್ನು ಒಟ್ಟಾಗಿ ನೋಡಿದರೆ ಏನೂ ಕಾಣುವುದಿಲ್ಲ. ಮೂರು ತುಂಡು ಮಾಡಿದಾಗ ಒಂದು ಚಲನೆ ಗೋಚರಿಸುತ್ತದೆ.

(ಅ) 1945–1968: 24 ಪಂದ್ಯಾವಳಿಗಳು. ಇವುಗಳಲ್ಲಿ 20ನ್ನು ಉತ್ತರ ಮಿನೆಸೋಟಾದ ಶಾಲೆಗಳು ಗೆದ್ದವು: ಇಂಟರ್‌ನ್ಯಾಷನಲ್ ಫಾಲ್ಸ್ ಮತ್ತು ಎವೆಲೆತ್ ತಲಾ 5, ರೋಸೋ 4, ಥೀಫ್ ರಿವರ್ ಫಾಲ್ಸ್ ಮತ್ತು ಕೋಲ್‌ರೇನ್‌ನ ಗ್ರೀನ್‌ವೇ ತಲಾ 2, ಹಿಬ್ಬಿಂಗ್ ಮತ್ತು ಡುಲೂತ್ ಈಸ್ಟ್ ತಲಾ 1. ಉಳಿದ 4 ಸೇಂಟ್ ಪಾಲ್‌ನ ಜಾನ್ಸನ್ ಶಾಲೆಯ ಪಾಲಾದವು.

(ಆ) 1969–1980: 12 ಪಂದ್ಯಾವಳಿಗಳು. ಉತ್ತರದವರಿಗೆ 5, ಮಿನಿಯಾಪೊಲಿಸ್–ಸೇಂಟ್ ಪಾಲ್ ಮಹಾನಗರ ವಲಯಕ್ಕೆ 6, ದಕ್ಷಿಣದ ರಾಚೆಸ್ಟರ್‌ಗೆ 1.

(ಇ) 1981–1991: 11 ಪಂದ್ಯಾವಳಿಗಳು. ಮಹಾನಗರ ವಲಯಕ್ಕೆ 10, ಉತ್ತರಕ್ಕೆ 1. ಆ ಒಂದು 1990ರ ರೋಸೋ.

ತುಂಡು ಮಾಡುವ ವರ್ಷಗಳನ್ನು ಆಯ್ದವನು ಲೇಖಕ ಎಂಬುದನ್ನು ಮರೆಯಬಾರದು. 1969ನ್ನು ಆಯ್ದುದಕ್ಕೆ ಕಾರಣ, ಉಪನಗರವೊಂದರ ಶಾಲೆ ಮೊದಲ ಬಾರಿಗೆ ಗೆದ್ದದ್ದು ಆ ವರ್ಷ: ಈಡೈನಾ, ಕೆನಡಾದ ಗಡಿಯ ಸಣ್ಣ ಊರಾದ ವಾರೋಡ್ ವಿರುದ್ಧ, ಹೆಚ್ಚುವರಿ ಅವಧಿಯಲ್ಲಿ, 5–4. ವಾರೋಡ್‌ನ ಪ್ರಮುಖ ಆಟಗಾರ ಹೆನ್ರಿ ಬೌಶಾ ಗಾಯಗೊಂಡು ಆ ಪಂದ್ಯದ ಮಧ್ಯದಲ್ಲೇ ಹೊರನಡೆಯಬೇಕಾಯಿತು. ಸಣ್ಣ ಊರಿಗೂ ದೊಡ್ಡ ಉಪನಗರಕ್ಕೂ ನಡೆದ ಕದನದ ಮಾದರಿಯಾಗಿ ಈ ಪಂದ್ಯವನ್ನು ಇಂದಿಗೂ ನೆನೆಯುತ್ತಾರೆ. ಆದರೆ ಅದಕ್ಕೂ ದರ್ಜೆಗಳ ವಿಭಜನೆಗೂ ನಡುವೆ 23 ವರ್ಷಗಳ ಅಂತರವಿದೆ; ಒಂದನ್ನು ಇನ್ನೊಂದರ ಕಾರಣವೆನ್ನಲು ಅಷ್ಟು ಸುಲಭವಾಗಿ ಸಾಧ್ಯವಿಲ್ಲ.

ಇನ್ನೊಂದು ಎಚ್ಚರಿಕೆ. (ಅ) ಅವಧಿಯ ಉತ್ತರದ ಶಾಲೆಗಳಲ್ಲಿ ಹೆಚ್ಚಿನವು ದಾಖಲಾತಿಯಲ್ಲಿ ದೊಡ್ಡವಲ್ಲ. 1948ರಿಂದ 1951ರವರೆಗೆ ಸತತ ನಾಲ್ಕು ಬಾರಿ ಗೆದ್ದ ಎವೆಲೆತ್ ಊರು ಕೆಲವೇ ಸಾವಿರ ಜನರದು. ಹಾಗಾಗಿ ಮೊದಲ ಎರಡು ದಶಕಗಳಲ್ಲಿ ದಾಖಲಾತಿ ಮತ್ತು ಬಲದ ನಡುವಿನ ಸಂಬಂಧ, ಇದ್ದರೆ, ತೀರ ದುರ್ಬಲವಾದುದು. ದೀರ್ಘ ಚಳಿಗಾಲ, ಮಂಜುಗಟ್ಟಿದ ಕೆರೆ, ಊರಿನ ರಿಂಕ್, ಮಕ್ಕಳನ್ನು ತರಬೇತುಗೊಳಿಸುವ ಸ್ಥಳೀಯ ಸಂಘ — ಇವು ಶಾಲೆಯ ಹಾಜರಿ ಪುಸ್ತಕದಲ್ಲಿ ದಾಖಲಾಗುವ ಸಂಗತಿಗಳಲ್ಲ. ಉಪನಗರಗಳಲ್ಲೂ ಕೃತಕ ಮಂಜಿನ ಒಳಾಂಗಣ ರಿಂಕ್‌ಗಳು ಬಂದಮೇಲೆ ಉತ್ತರದ ನೈಸರ್ಗಿಕ ಅನುಕೂಲ ಕ್ಷೀಣಿಸಿರಬಹುದು, ಆಗ ಸಂಖ್ಯೆಯ ತೂಕ ಹೆಚ್ಚಿರಬಹುದು. ಇದು ಸಂಭಾವ್ಯ ವಿವರಣೆ. ವಿಜೇತರ ಪಟ್ಟಿ ಇದನ್ನು ವಿರೋಧಿಸುವುದಿಲ್ಲ ಎಂದಷ್ಟೇ ಹೇಳಬಹುದು.

ಈ ಅವಧಿಯೊಳಗೆ ಇನ್ನೊಂದು ಬದಲಾವಣೆಯೂ ಅಡಗಿದೆ. 1970ರ ದಶಕದ ಮಧ್ಯದವರೆಗೆ ಖಾಸಗಿ ಶಾಲೆಗಳು ಲೀಗ್‌ನ ಪಂದ್ಯಾವಳಿಯಿಂದ ಹೊರಗಿದ್ದವು. ಅವುಗಳಿಗೆ ಪ್ರತ್ಯೇಕ ಪಂದ್ಯಾವಳಿ ಇತ್ತು. 1974-75ರಿಂದ ಅವು ಒಳಬಂದವು. ಆದ್ದರಿಂದ 1945–1974 ಮತ್ತು 1975–1991 ಒಂದೇ ಸ್ಪರ್ಧೆಯ ಎರಡು ಭಾಗಗಳಲ್ಲ. ಸ್ಪರ್ಧಿಗಳ ಗುಂಪೇ ಬದಲಾಗಿದೆ. 1983 ಮತ್ತು 1991ರಲ್ಲಿ ಗೆದ್ದ ಖಾಸಗಿ ಶಾಲೆ ಹಿಲ್-ಮರ್ರೆ ಈ ಎರಡನೆಯ ಗುಂಪಿನದು.

3. ಟಿಯರ್ ಪ್ರಯೋಗ, 1992 ಮತ್ತು 1993

ಮೊದಲ ವಿಭಜನೆ ದಾಖಲಾತಿಯ ಮೇಲೆ ನಡೆದದ್ದಲ್ಲ. ಹಲವು ಜನಪ್ರಿಯ ಬರಹಗಳಲ್ಲಿ ಈ ಅಂಶ ಮಸುಕಾಗಿರುವುದರಿಂದ ಒತ್ತಿ ಹೇಳಬೇಕಾಗಿದೆ. 1992 ಮತ್ತು 1993ರಲ್ಲಿ ತಂಡಗಳನ್ನು ಬಲಾಬಲ ನೋಡಿ ‘ಟಿಯರ್ 1’, ‘ಟಿಯರ್ 2’ ಎಂದು ವಿಂಗಡಿಸಲಾಯಿತು. ದಾಖಲಾತಿಯ ಮೇಲೆ ನಿಂತ ‘ಎಎ’ (ದೊಡ್ಡ ಶಾಲೆಗಳು) ಮತ್ತು ‘ಎ’ (ಸಣ್ಣ ಶಾಲೆಗಳು) ದರ್ಜೆಗಳು ಬಂದದ್ದು 1994ರಲ್ಲಿ.

ವಿಜೇತರು: ಟಿಯರ್ 1ರಲ್ಲಿ ಎರಡೂ ವರ್ಷ ಬ್ಲೂಮಿಂಗ್ಟನ್‌ನ ಜೆಫರ್ಸನ್. ಟಿಯರ್ 2ರಲ್ಲಿ 1992ಕ್ಕೆ ಗ್ರೀನ್‌ವೇ, 1993ಕ್ಕೆ ಎವೆಲೆತ್-ಗಿಲ್ಬರ್ಟ್. ಕೆಳ ಟಿಯರ್‌ನ ಈ ಇಬ್ಬರು ವಿಜೇತರೂ ಒಂದೇ ದರ್ಜೆಯ ಕಾಲದಲ್ಲಿ ರಾಜ್ಯವನ್ನೇ ಗೆದ್ದ ಊರುಗಳವರು. ಎರಡೇ ಉದಾಹರಣೆಗಳ ಮೇಲೆ ಹೆಚ್ಚು ಭಾರ ಹೇರುವಂತಿಲ್ಲ. ಆದರೂ 2ನೇ ವಿಭಾಗದ (ಅ) ಮತ್ತು (ಇ) ಅವಧಿಗಳ ನಡುವೆ ಕಂಡ ಸ್ಥಾನಪಲ್ಲಟಕ್ಕೆ ಇದು ಹೊಂದುತ್ತದೆ.

ಬಲದ ಆಧಾರದ ವಿಂಗಡಣೆ ಕಾಗದದ ಮೇಲೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ: ಸಮಬಲರು ಸಮಬಲರೊಡನೆ ಆಡಲಿ. ತೊಡಕು ಅಳತೆಯ ಕಾಲದಲ್ಲಿದೆ. ದಾಖಲಾತಿ ಋತುವಿಗೆ ಮೊದಲೇ ಗೊತ್ತು, ಅದನ್ನು ತಂಡ ಆಟದಿಂದ ಬದಲಿಸಲಾಗದು. ಬಲವಾದರೋ ಅದೇ ಋತುವಿನ ಆಟದಿಂದಲೇ ತಿಳಿಯಬೇಕು. ಅಂದರೆ ಅಳತೆ ಮತ್ತು ಅಳೆಯಲ್ಪಡುವ ವಸ್ತು ಬೇರೆ ಬೇರೆಯಲ್ಲ. ಋತುವಿನಲ್ಲಿ ಹಿಂದುಳಿದ ತಂಡಕ್ಕೆ ಕೆಳಗಿನ ಟಿಯರ್‌ನಲ್ಲಿ ರಾಜ್ಯ ಪ್ರಶಸ್ತಿಯ ದಾರಿ ತೆರೆಯುತ್ತದೆ, ಸ್ವಲ್ಪ ಮುಂದಿದ್ದ ತಂಡಕ್ಕೆ ಮುಚ್ಚುತ್ತದೆ. ಯಾವ ತಂಡವೂ ಬೇಕೆಂದೇ ಸೋತಿತು ಎನ್ನುವ ಸೂಚನೆ ಇಲ್ಲಿಲ್ಲ. ಅಂಥ ಪ್ರಲೋಭನೆಗೆ ನಿಯಮದಲ್ಲೇ ಎಡೆಯಿತ್ತು ಎಂಬುದು ಮಾತ್ರ ಹೇಳಬಹುದಾದ ಮಾತು. ಪ್ರಯೋಗ ಎರಡೇ ವರ್ಷಕ್ಕೆ ನಿಂತಿತು.

ದಾಖಲೆಯ ದೃಷ್ಟಿಯಿಂದ ಇದರ ಪರಿಣಾಮ ಒಂದು: ಕೆಲವು ಪಟ್ಟಿಗಳು ಟಿಯರ್ 2ನ್ನು ಎ ದರ್ಜೆಯ ಆರಂಭವೆಂದು ಪರಿಗಣಿಸಿ ಅದರ ಇತಿಹಾಸವನ್ನು 1992ಕ್ಕೆ ಒಯ್ಯುತ್ತವೆ. ಹಾಗೆ ಮಾಡಿದರೆ 2024ರವರೆಗೆ ಎ ದರ್ಜೆಯ ವಿಜೇತರು 33, ಮಾಡದಿದ್ದರೆ 31. ಎರಡು ವಿಂಗಡಣೆಗಳ ತತ್ತ್ವವೇ ಭಿನ್ನವಾಗಿರುವುದರಿಂದ ಇಲ್ಲಿ 31 ಎಂದೇ ಹಿಡಿಯಲಾಗಿದೆ.

4. ದಾಖಲಾತಿಯನ್ನು ಎಣಿಸುವ ಬಗೆ

ಈಗಿನ ಕ್ರಮದ ಚೌಕಟ್ಟು ಸರಳ. ಹಾಕಿ ತಂಡವಿರುವ ಶಾಲೆಗಳನ್ನು ದಾಖಲಾತಿಯ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನವುಗಳನ್ನು ಎಎ ದರ್ಜೆಗೂ ಉಳಿದವನ್ನು ಎ ದರ್ಜೆಗೂ ಹಾಕಲಾಗುತ್ತದೆ. ಪ್ರತಿ ದರ್ಜೆಯಲ್ಲಿ 8 ಭೌಗೋಳಿಕ ಸೆಕ್ಷನ್‌ಗಳು. ಪ್ರತಿ ಸೆಕ್ಷನ್‌ನ ವಿಜೇತ ರಾಜ್ಯ ಪಂದ್ಯಾವಳಿಗೆ ಹೋಗುತ್ತದೆ. ಗೆರೆಯನ್ನು ಅನುಕ್ರಮದಲ್ಲಿ ಎಳೆಯುವುದರಿಂದ, ಒಂದು ಶಾಲೆಯ ಸಂಖ್ಯೆ ಒಂದಿಷ್ಟೂ ಬದಲಾಗದಿದ್ದರೂ ನೆರೆಯ ಶಾಲೆಗಳು ಕುಗ್ಗಿದರೆ ಅದು ಮೇಲಿನ ದರ್ಜೆಗೆ ಸೇರಬಹುದು. ಸೆಕ್ಷನ್‌ಗಳು ಭೌಗೋಳಿಕವಾಗಿರುವುದರಿಂದ ಬಲಿಷ್ಠ ತಂಡಗಳು ಒಂದೇ ಸೆಕ್ಷನ್‌ನಲ್ಲಿ ಗುಂಪಾಗುವ ಸಾಧ್ಯತೆಯೂ ಇದೆ, ಅದು ಬೇರೊಂದು ಟಿಪ್ಪಣಿಯ ವಿಷಯ.

ತೊಡಕಿರುವುದು ‘ದಾಖಲಾತಿ’ ಎಂಬ ಸಂಖ್ಯೆ ಸಿದ್ಧವಾಗುವ ಬಗೆಯಲ್ಲಿ.

4.1. ಊಟದ ತಿದ್ದುಪಡಿ. ಶಾಲೆಯ ಒಟ್ಟು ಸಂಖ್ಯೆಯಿಂದ, ಉಚಿತ ಅಥವಾ ರಿಯಾಯಿತಿ ದರದ ಮಧ್ಯಾಹ್ನದ ಊಟಕ್ಕೆ ಅರ್ಹರಾದ ವಿದ್ಯಾರ್ಥಿಗಳ ಶೇ. 40ರಷ್ಟನ್ನು ಕಳೆಯಲಾಗುತ್ತದೆ. ಕರ್ನಾಟಕದ ಓದುಗರಿಗೆ ಇದು ವಿಚಿತ್ರವೆನಿಸಬಹುದು: ನಮ್ಮಲ್ಲಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟ ಮನೆಯ ವರಮಾನ ನೋಡಿ ಬಡಿಸುವಂಥದ್ದಲ್ಲ, ಹಾಗಾಗಿ ಅದು ಬಡತನದ ಸೂಚಕವಾಗಲಾರದು. ಅಮೆರಿಕದ ಕೇಂದ್ರ ಯೋಜನೆಯಲ್ಲಿ ಅರ್ಹತೆ ಕುಟುಂಬದ ವರಮಾನಕ್ಕೆ ಕಟ್ಟುಬಿದ್ದಿದೆ — ಬಡತನ ರೇಖೆಯ ಶೇ. 130ರವರೆಗೆ ಉಚಿತ, ಶೇ. 185ರವರೆಗೆ ರಿಯಾಯಿತಿ. ಹಾಗಾಗಿ ಅಲ್ಲಿ ಊಟದ ಪಟ್ಟಿಯೇ ವರಮಾನದ ಅಂದಾಜು.

ಕಾಲ್ಪನಿಕ ಉದಾಹರಣೆ: ಮೊದಲ ಶಾಲೆಯಲ್ಲಿ 1,000 ವಿದ್ಯಾರ್ಥಿಗಳು, ಅವರಲ್ಲಿ 100 ಅರ್ಹರು, ಪರಿಷ್ಕೃತ ಸಂಖ್ಯೆ 960. ಎರಡನೆಯದರಲ್ಲಿ 1,050 ವಿದ್ಯಾರ್ಥಿಗಳು, 500 ಅರ್ಹರು. ಪರಿಷ್ಕೃತ ಸಂಖ್ಯೆ 850. ತಲೆಯೆಣಿಕೆಯಲ್ಲಿ ದೊಡ್ಡದಾಗಿದ್ದ ಎರಡನೆಯ ಶಾಲೆ ವರ್ಗೀಕರಣದಲ್ಲಿ ಕೆಳಗಿಳಿಯುತ್ತದೆ.

ಹಾಕಿಯಲ್ಲಿ ಇದರ ತರ್ಕ ಬೇರೆ ಹಲವು ಆಟಗಳಿಗಿಂತ ಹೆಚ್ಚು ಸ್ಪಷ್ಟ. ಸ್ಕೇಟ್, ಪ್ಯಾಡ್, ಹೆಲ್ಮೆಟ್, ರಿಂಕ್ ಬಾಡಿಗೆ, ಎಳವೆಯಿಂದಲೇ ಸಂಘದ ಶುಲ್ಕ: ಪ್ರೌಢಶಾಲೆ ಸೇರಿದ ಮೇಲೆ ಮೊದಲ ಬಾರಿ ಸ್ಕೇಟ್ ತೊಟ್ಟವನು ಶಾಲಾ ತಂಡಕ್ಕೆ ಆಯ್ಕೆಯಾಗುವುದು ಅಪರೂಪ. ಆದರೆ ಶೇ. 40 ಎಂಬ ಗುಣಕ ಎಲ್ಲ ಆಟಗಳಿಗೂ ಒಂದೇ. ವೆಚ್ಚ ಕಡಿಮೆಯಿರುವ ಓಟಕ್ಕೂ ವೆಚ್ಚ ಹೆಚ್ಚಿರುವ ಹಾಕಿಗೂ ಒಂದೇ ಗುಣಕ ಹೊಂದುತ್ತದೆ ಎಂದು ಭಾವಿಸಲು ಪ್ರತ್ಯೇಕ ಆಧಾರ ಬೇಕು. ಹಾಕಿಯ ಮಟ್ಟಿಗೆ ಈ ಗುಣಕ ಕಡಿಮೆಯೇ ಆಯಿತೆಂದು ಪ್ರಸ್ತುತ ಲೇಖಕನ ಅಂದಾಜು, ಅಂದಾಜು ಮಾತ್ರ.

4.2. ಜಂಟಿ ತಂಡ. ಒಂದೇ ಶಾಲೆಗೆ ಸಾಕಷ್ಟು ಆಟಗಾರರು ಸಿಗದಿದ್ದಾಗ ಎರಡು ಅಥವಾ ಹೆಚ್ಚು ಶಾಲೆಗಳು ಸೇರಿ ಒಂದು ತಂಡ ಕಟ್ಟುತ್ತವೆ. ಇಲ್ಲಿ ದಾಖಲಾತಿಗಳನ್ನು ಕೂಡಿಸುವುದು ಸಾಮಾನ್ಯ ನಿಯಮ. ಅದರ ಫಲ ವಿಪರೀತವಾಗಬಹುದು: ಆಟಗಾರರ ಕೊರತೆಯಿಂದ ಒಂದಾದ ಶಾಲೆಗಳು, ಒಂದಾದ ಕಾರಣಕ್ಕೇ, ಕಾಗದದಲ್ಲಿ ದೊಡ್ಡ ಶಾಲೆಯಾಗುತ್ತವೆ. ಮಿನಿಯಾಪೊಲಿಸ್‌ನ ಉದಾಹರಣೆ ಗಮನಾರ್ಹ. 1970ರಲ್ಲಿ ಆ ನಗರದ ಸೌತ್‌ವೆಸ್ಟ್ ಶಾಲೆಯೊಂದೇ ರಾಜ್ಯ ಪ್ರಶಸ್ತಿ ಗೆದ್ದಿತ್ತು. ಈಗ ನಗರದ ಸಾರ್ವಜನಿಕ ಶಾಲೆಗಳೆಲ್ಲ ಸೇರಿ ಒಂದೇ ತಂಡ. ಆ ತಂಡ 2022ರಲ್ಲಿ ರಾಜ್ಯ ಪಂದ್ಯಾವಳಿಗೆ ಬಂತು, 1994ರ ನಂತರ ನಗರದ ಸಾರ್ವಜನಿಕ ಶಾಲಾ ತಂಡವೊಂದು ಅಲ್ಲಿಗೆ ತಲುಪಿದ್ದು ಅದೇ ಮೊದಲು. ಅದು ಆಡಿದ್ದು ಎ ದರ್ಜೆಯಲ್ಲಿ. ನಗರದ ಎಲ್ಲ ಪ್ರೌಢಶಾಲೆಗಳ ಕೂಡಿದ ತಲೆಯೆಣಿಕೆಯೊಂದೇ ಮಾನದಂಡವಾಗಿದ್ದರೆ ಈ ಸ್ಥಾನ ಅಸಾಧ್ಯ. ಅಂದರೆ ವರ್ಗೀಕರಣ ಕೇವಲ ಸಂಕಲನವಲ್ಲ. ಜಂಟಿ ತಂಡದ ನಿಜವಾದ ಸ್ಥಿತಿಗೆ ಅದರಲ್ಲಿ ಎಡೆಯಿದೆ.

4.3. ಒಂದೇ ಲಿಂಗದ ಶಾಲೆ. 500 ಹುಡುಗರಿರುವ ಬಾಲಕರ ಶಾಲೆಯೂ ಹುಡುಗ ಹುಡುಗಿಯರು ಸೇರಿ 500 ಇರುವ ಶಾಲೆಯೂ ಹುಡುಗರ ಹಾಕಿಯ ಮಟ್ಟಿಗೆ ಸಮಾನವಲ್ಲ. ಮಿಚಿಗನ್ ರಾಜ್ಯದ ಸಂಘ ಇಂಥ ಶಾಲೆಯ ಸಂಖ್ಯೆಯನ್ನು ಎರಡರಿಂದ ಗುಣಿಸುತ್ತದೆ. 6ನೇ ವಿಭಾಗದಲ್ಲಿ ಬರುವ ಸೇಂಟ್ ಥಾಮಸ್ ಅಕಾಡೆಮಿ ಬಾಲಕರ ಶಾಲೆ ಎಂಬ ಕಾರಣಕ್ಕೆ ಇದನ್ನು ಇಲ್ಲಿ ನಮೂದಿಸಲಾಗಿದೆ.

4.4. ಘಟಕದ ಗುರುತು. ಶಾಲೆ ಎಂಬ ಘಟಕವೇ ಸ್ಥಿರವಲ್ಲ. ಈಡೈನಾ 1972ರಿಂದ 1981ರವರೆಗೆ ಈಸ್ಟ್, ವೆಸ್ಟ್ ಎಂಬ ಎರಡು ಶಾಲೆಗಳಾಗಿತ್ತು; 1974, 1978 ಮತ್ತು 1979ರ ಪ್ರಶಸ್ತಿಗಳು ಈಡೈನಾ ಈಸ್ಟ್‌ನವು. ಅವನ್ನು ಸೇರಿಸಿದರೆ 2024ರವರೆಗೆ ಈಡೈನಾದ ಪ್ರಶಸ್ತಿಗಳು 14, ಬಿಟ್ಟರೆ 11. ಕ್ರೀಡಾಪುಟಗಳಲ್ಲಿ 14 ಎಂಬುದೇ ರೂಢಿ, ಆ ರೂಢಿಯಲ್ಲಿ ಊರಿನ ಹೆಮ್ಮೆಯ ಪಾಲೂ ಇದ್ದೀತು. ಎವೆಲೆತ್‌ನದು ಇನ್ನೂ ಜಟಿಲ: 1951ಕ್ಕೆ ಎವೆಲೆತ್, 1993ಕ್ಕೆ ಎವೆಲೆತ್-ಗಿಲ್ಬರ್ಟ್, ಈಗ ನೆರೆಯ ವರ್ಜೀನಿಯಾದೊಡನೆ ವಿಲೀನವಾಗಿ ರಾಕ್ ರಿಜ್. ದಾಖಲಾತಿಯನ್ನು ಕಾಲಾನುಕ್ರಮದಲ್ಲಿ ಹೋಲಿಸುವವರು ಯಾವ ಘಟಕವನ್ನು ಹೋಲಿಸುತ್ತಿದ್ದೇವೆಂದು ಪ್ರತಿ ಬಾರಿಯೂ ನಮೂದಿಸಬೇಕಾಗುತ್ತದೆ.

5. ಮೇಲೇರುವ ಆಯ್ಕೆ

ಎ ದರ್ಜೆಗೆ ಅರ್ಹವಾದ ಶಾಲೆ ತಾನಾಗಿಯೇ ಎಎ ದರ್ಜೆಯಲ್ಲಿ ಆಡಲು ಕೋರಬಹುದು. ಇದು ದಂಡನೆಯಲ್ಲ, ಬಡ್ತಿಯೂ ಅಲ್ಲ; ಶಾಲೆಯ ಸ್ವಂತ ನಿರ್ಧಾರ.

ಅತಿ ಸ್ಪಷ್ಟ ಉದಾಹರಣೆ ರೋಸೋ. ಊರಿನ ಜನಸಂಖ್ಯೆಯೇ ಮೂರು ಸಾವಿರದೊಳಗೆ. ದಾಖಲಾತಿಯ ಪ್ರಕಾರ ಎ ದರ್ಜೆಯಲ್ಲಿರಬೇಕಾದ ಈ ಶಾಲೆ ಎಎಯಲ್ಲಿ ಆಡಿ 1999 ಮತ್ತು 2007ರಲ್ಲಿ ಗೆದ್ದಿತು. ಕೆಲವೇ ಮೈಲಿಗಳ ಆಚೆಯ ವಾರೋಡ್, ಅದೇ ಚಳಿ, ಅದೇ ಹಾಕಿ ಪರಂಪರೆ, ಎ ದರ್ಜೆಯಲ್ಲಿ ಆಡಿ 1994, 1996, 2003 ಮತ್ತು 2005ರಲ್ಲಿ ಗೆದ್ದಿತು. ಎರಡು ಊರುಗಳ ಪ್ರಶಸ್ತಿಗಳು ಎರಡು ಬೇರೆ ಪಟ್ಟಿಗಳಲ್ಲಿವೆ. ಅವುಗಳನ್ನು ಬೇರೆ ಮಾಡಿದ್ದು ದಾಖಲಾತಿಯಲ್ಲ, ಆಯ್ಕೆ. ದರ್ಜೆಯ ಹೆಸರನ್ನು ಗಾತ್ರದ ಸಮಾನಾರ್ಥಕವಾಗಿ ಬಳಸುವ ಯಾವ ವಿಶ್ಲೇಷಣೆಯೂ ಇಲ್ಲಿ ಎಡವುತ್ತದೆ.

ಹುಡುಗಿಯರ ಹಾಕಿಗೂ ಇದೇ ಚೌಕಟ್ಟು, ತಡವಾಗಿ. ಮಿನೆಸೋಟಾ ಅದಕ್ಕೆ ಅಧಿಕೃತ ಮಾನ್ಯತೆ ನೀಡಿದ್ದು 1994ರಲ್ಲಿ, ಮೊದಲ ರಾಜ್ಯ ಪಂದ್ಯಾವಳಿ 1995ರಲ್ಲಿ. ಆಗ ಒಂದೇ ದರ್ಜೆ, ಎರಡಾದದ್ದು ಆಮೇಲೆ. ತಂಡಗಳ ಸಂಖ್ಯೆಯೇ ವೇಗವಾಗಿ ಬೆಳೆಯುತ್ತಿದ್ದ ಅವಧಿಯಾದ್ದರಿಂದ ಅದನ್ನು ಹುಡುಗರ ಪಟ್ಟಿಯೊಡನೆ ಹೋಲಿಸಿಲ್ಲ.

6. ಎ ದರ್ಜೆಯ 31 ವಿಜೇತರು, 1994–2024

ಸಣ್ಣ ಶಾಲೆಗಳಿಗಾಗಿ ತೆರೆದ ದರ್ಜೆಯನ್ನು ಯಾರು ಗೆದ್ದರು? ಶಾಲೆಯ ಆಡಳಿತ ಸ್ವರೂಪದ ಪ್ರಕಾರ ವಿಂಗಡಿಸಿದರೆ ಹೀಗೆ:

1994–1998 (5): ಎಲ್ಲವೂ ಸಾರ್ವಜನಿಕ ಶಾಲೆಗಳು. ವಾರೋಡ್ ಎರಡು ಬಾರಿ. ಇಂಟರ್‌ನ್ಯಾಷನಲ್ ಫಾಲ್ಸ್, ರೆಡ್ ವಿಂಗ್, ಎವೆಲೆತ್-ಗಿಲ್ಬರ್ಟ್ ಒಂದೊಂದು ಬಾರಿ.

1999–2013 (15): ಖಾಸಗಿ ಶಾಲೆಗಳಿಗೆ 12. ಸೇಂಟ್ ಥಾಮಸ್ ಅಕಾಡೆಮಿ 5 (2006, 2008, 2011, 2012, 2013), ಬ್ರೆಕ್ 4 (2000, 2004, 2009, 2010), ಬೆನಿಲ್ಡ್-ಸೇಂಟ್ ಮಾರ್ಗರೆಟ್ಸ್ 2 (1999, 2001), ಟೊಟಿನೊ-ಗ್ರೇಸ್ 1 (2002). ಸಾರ್ವಜನಿಕ ಶಾಲೆಗಳಿಗೆ 3: ವಾರೋಡ್ 2, ಹರ್ಮನ್‌ಟೌನ್ 1.

2014–2024 (11): ಖಾಸಗಿ 2, ಎರಡೂ ಸೇಂಟ್ ಕ್ಲೌಡ್‌ನ ಕತೀಡ್ರಲ್ (2019, 2024). ಉಳಿದ 9ರಲ್ಲಿ ಹರ್ಮನ್‌ಟೌನ್ 3, ಈಸ್ಟ್ ಗ್ರ್ಯಾಂಡ್ ಫೋರ್ಕ್ಸ್ 2, ಮಹ್ಟೊಮಿಡೈ 2, ಒರೊನೊ 1, ಜೆಂಟ್ರಿ ಅಕಾಡೆಮಿ 1.

ಕೊನೆಯ ಹೆಸರಿನ ಬಗ್ಗೆ ಒಂದು ಮಾತು. 2021ರ ವಿಜೇತ ಜೆಂಟ್ರಿ ಅಕಾಡೆಮಿ ಚಾರ್ಟರ್ ಶಾಲೆ. ಮಿನೆಸೋಟಾ 1991ರಲ್ಲಿ ಅಮೆರಿಕದ ಮೊದಲ ಚಾರ್ಟರ್ ಕಾನೂನು ತಂದ ರಾಜ್ಯ. ಅದರಡಿ ಇಂಥ ಶಾಲೆ ಸಾರ್ವಜನಿಕ, ಶುಲ್ಕರಹಿತ. ಆದರೆ ನಿಗದಿತ ಊರಿನ ಮಕ್ಕಳಿಗೆ ಮಾತ್ರ ಸೀಮಿತವಲ್ಲ. ಕಾನೂನಿನ ಪ್ರಕಾರ ಎಣಿಸಿದರೆ ಒಟ್ಟು 31ರಲ್ಲಿ ಖಾಸಗಿ ಪಾಲು 14. ‘ಊರಿನ ಗಡಿಗೆ ಕಟ್ಟುಬೀಳದ ಶಾಲೆ’ ಎಂಬ ವಿಶಾಲ ಅರ್ಥದಲ್ಲಿ ಎಣಿಸಿದರೆ 15. ಎರಡನೆಯ ಎಣಿಕೆಗೂ ಆಕ್ಷೇಪವಿದೆ: 1980ರ ದಶಕದ ಕೊನೆಯಲ್ಲಿ ಜಾರಿಗೆ ಬಂದ ಮುಕ್ತ ಪ್ರವೇಶ ಕಾನೂನಿನಿಂದ ಸಾಮಾನ್ಯ ಸಾರ್ವಜನಿಕ ಶಾಲೆಯೂ ಹೊರಗಿನ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಬಹುದು. ಗಡಿ ಯಾರಿಗೂ ಪೂರ್ತಿ ಬಿಗಿಯಲ್ಲ.

ಹೋಲಿಕೆಗೆ ಎಎ ದರ್ಜೆ: ಅದೇ 31 ವರ್ಷಗಳಲ್ಲಿ ಖಾಸಗಿ ಶಾಲೆಗಳಿಗೆ 6 — ಹೋಲಿ ಏಂಜೆಲ್ಸ್ (2002, 2005), ಕ್ರೆಟಿನ್-ಡೆರ್‌ಹ್ಯಾಮ್ ಹಾಲ್ (2006), ಹಿಲ್-ಮರ್ರೆ (2008, 2020), ಬೆನಿಲ್ಡ್-ಸೇಂಟ್ ಮಾರ್ಗರೆಟ್ಸ್ (2012). 31ಕ್ಕೆ 14 ಮತ್ತು 31ಕ್ಕೆ 6 ನಡುವಿನ ಅಂತರ ಗಣನೀಯ. ಅದಕ್ಕೆ ಸಹಜವಾಗಿ ತೋರುವ ವಿವರಣೆ: ದಾಖಲಾತಿಯಲ್ಲಿ ಸಣ್ಣದಾದರೂ ವಿಶಾಲ ಮಹಾನಗರದಿಂದ ಆಟಗಾರರನ್ನು ಪಡೆಯಬಲ್ಲ ಶಾಲೆಗೆ ತಲೆಯೆಣಿಕೆ ಬಲದ ಸರಿಯಾದ ಅಳತೆಯಲ್ಲ.

ಈ ವಿವರಣೆಯನ್ನು ಒಪ್ಪುವ ಮುನ್ನ ಮೂರು ಅಡ್ಡಿಗಳು. ಮೊದಲನೆಯದು, 31 ವಿಜೇತರು 31 ಸ್ವತಂತ್ರ ಅವಲೋಕನಗಳಲ್ಲ. ಒಬ್ಬ ಹುಡುಗ ಒಂದೇ ತಂಡದಲ್ಲಿ ಎರಡು ಮೂರು ಋತು ಆಡುತ್ತಾನೆ. ಸೇಂಟ್ ಥಾಮಸ್‌ನ 2011, 2012, 2013ರ ಪ್ರಶಸ್ತಿಗಳ ಹಿಂದೆ ಬಹುಮಟ್ಟಿಗೆ ಒಂದೇ ಪೀಳಿಗೆ ಇರಬಹುದು. ಎರಡನೆಯದು, ಆ 14ರಲ್ಲಿ 12 ಪ್ರಶಸ್ತಿಗಳು ಬಂದದ್ದು ಕೇವಲ ನಾಲ್ಕು ಶಾಲೆಗಳಿಗೆ. ‘ಖಾಸಗಿ ಶಾಲೆಗಳು’ ಎಂಬ ಸಾಮಾನ್ಯೀಕರಣಕ್ಕಿಂತ ‘ಆ ನಾಲ್ಕು ಶಾಲೆಗಳು’ ಎನ್ನುವುದು ಹೆಚ್ಚು ನಿಖರ. ಕತೀಡ್ರಲ್ ಹೊರತು ರಾಜ್ಯದ ಇತರ ಸಣ್ಣ ಖಾಸಗಿ ಶಾಲೆಗಳು ಈ ಪಟ್ಟಿಯಲ್ಲಿಲ್ಲ. ಮೂರನೆಯದು, ವಿಜೇತರ ಪಟ್ಟಿ ತುತ್ತತುದಿಯನ್ನು ಮಾತ್ರ ತೋರಿಸುತ್ತದೆ. ಸೆಕ್ಷನ್‌ನ ಮೊದಲ ಸುತ್ತಿನಲ್ಲೇ ಭಾರಿ ಅಂತರದಿಂದ ಸೋಲುವ ತಂಡಗಳ ಪಾಡು ಇದರಲ್ಲಿ ಕಾಣುವುದಿಲ್ಲ, ನ್ಯಾಯದ ಪ್ರಶ್ನೆ ಬಹುಶಃ ಅಲ್ಲಿಯೇ ಹೆಚ್ಚು ತೀವ್ರ.

7. 2013-14ರ ತಿರುವು ಮತ್ತು ಹರ್ಮನ್‌ಟೌನ್

2013ರ ಪ್ರಶಸ್ತಿಯ ನಂತರ ಸೇಂಟ್ ಥಾಮಸ್ ಅಕಾಡೆಮಿ 2013-14ರಿಂದ ಎಎ ದರ್ಜೆಗೆ ಏರಿತು. ಬೆನಿಲ್ಡ್ ಅದಕ್ಕೂ ಮೊದಲೇ ಏರಿ 2012ರಲ್ಲಿ ಅಲ್ಲಿಯೂ ಗೆದ್ದಿತ್ತು. ಎ ದರ್ಜೆಯ ಪಟ್ಟಿಯಲ್ಲಿ ಖಾಸಗಿ ಪಾಲು 15ಕ್ಕೆ 12 ಇದ್ದದ್ದು 11ಕ್ಕೆ 2 ಆದದ್ದು ಇದರ ಬೆನ್ನಿಗೆ. 2ನೇ ಮತ್ತು 6ನೇ ವಿಭಾಗಗಳ ಎಲ್ಲ ಎಣಿಕೆಗಳಲ್ಲಿ ನಿಯಮದ ಒಂದು ಅಂಶಕ್ಕೂ ಫಲಿತಾಂಶದ ಬದಲಾವಣೆಗೂ ಇಷ್ಟು ನಿಕಟ ಕಾಲಸಾಮೀಪ್ಯ ಬೇರೆಲ್ಲೂ ಕಾಣುವುದಿಲ್ಲ. ಆ ಅಂಶ ಕಡ್ಡಾಯವಾದುದಲ್ಲ, ಸ್ವಯಂ ಏರಿಕೆ.

ಇದನ್ನು ಪರೀಕ್ಷಿಸಲು ಒಂದು ಅನುಕೂಲದ ಪ್ರಕರಣ ದೊರೆಯುತ್ತದೆ. ಡುಲೂತ್‌ಗೆ ಅಂಟಿಕೊಂಡಿರುವ ಹರ್ಮನ್‌ಟೌನ್‌ನ ಸಾರ್ವಜನಿಕ ಶಾಲೆ 2010ರಿಂದ 2015ರವರೆಗೆ ಸತತ ಆರು ಬಾರಿ ಎ ದರ್ಜೆಯ ಅಂತಿಮ ಪಂದ್ಯ ತಲುಪಿ ಆರರಲ್ಲೂ ಸೋತಿತು. 2010ರಲ್ಲಿ ಬ್ರೆಕ್‌ಗೆ, 2011, 2012, 2013ರಲ್ಲಿ ಸೇಂಟ್ ಥಾಮಸ್‌ಗೆ, 2014 ಮತ್ತು 2015ರಲ್ಲಿ ಈಸ್ಟ್ ಗ್ರ್ಯಾಂಡ್ ಫೋರ್ಕ್ಸ್‌ಗೆ. ಆಮೇಲೆ 2016 ಮತ್ತು 2017ರಲ್ಲಿ ಗೆದ್ದಿತು. ಸೇಂಟ್ ಥಾಮಸ್‌ನಂಥ ಶಾಲೆ ಎ ದರ್ಜೆಯಲ್ಲಿರುವುದರ ವಿರುದ್ಧ ಆ ವರ್ಷಗಳಲ್ಲಿ ಬಹಿರಂಗವಾಗಿ ದನಿಯೆತ್ತಿದವರಲ್ಲಿ ಹರ್ಮನ್‌ಟೌನ್‌ನ ಅಂದಿನ ತರಬೇತುದಾರ ಬ್ರೂಸ್ ಪ್ಲಾಂಟ್ ಪ್ರಮುಖರು.

ಖಾಸಗಿ ಶಾಲೆಗಳ ಉಪಸ್ಥಿತಿಯೇ ಪೂರ್ಣ ಕಾರಣವಾಗಿದ್ದರೆ ಸೇಂಟ್ ಥಾಮಸ್ ಹೋದ ಮರುವರ್ಷವೇ ಹರ್ಮನ್‌ಟೌನ್ ಗೆಲ್ಲಬೇಕಿತ್ತು ಎಂದು ಹೇಳಿದರೆ ಅದು ಅತಿ ಕಟ್ಟುನಿಟ್ಟಿನ ಪರೀಕ್ಷೆಯಾದೀತು. ಆದರೂ ಆರು ಸೋಲುಗಳಲ್ಲಿ ಎರಡು ಇನ್ನೊಂದು ಸಣ್ಣ ಊರಿನ ಸಾರ್ವಜನಿಕ ಶಾಲೆಗೆ ಸಂದವು ಎಂಬುದು ಒಂಟಿ ಕಾರಣದ ವಾದವನ್ನು ಸಡಿಲಿಸುತ್ತದೆ. ಇದೇ ಪ್ರಕರಣವನ್ನು ತಿರುಗಿಸಿಯೂ ಓದಬಹುದು: ಆರು ವರ್ಷ ಸತತವಾಗಿ ಅಂತಿಮ ಪಂದ್ಯ ತಲುಪುವ ಶಾಲೆ ತನ್ನ ದರ್ಜೆಯ ಉಳಿದ ಬಹುತೇಕ ಶಾಲೆಗಳಿಗಿಂತ ಬಲಿಷ್ಠ. ಸೇಂಟ್ ಥಾಮಸ್ ಮೇಲೇರಬೇಕೆಂಬ ವಾದದ ತರ್ಕ ಹರ್ಮನ್‌ಟೌನ್‌ಗೂ ಅಷ್ಟೇ ಅನ್ವಯಿಸುತ್ತದೆ. ದಾಖಲಾತಿಯ ನಿಯಮ ಇಬ್ಬರಿಗೂ ಒಂದೇ ಉತ್ತರ ಕೊಡುತ್ತದೆ: ಎಷ್ಟು ಗೆದ್ದರೂ ದರ್ಜೆ ಬದಲಾಗದು.

8. ಬೇರೆ ರಾಜ್ಯಗಳ ಕ್ರಮ, ಸಂಕ್ಷಿಪ್ತವಾಗಿ

ಮಿಚಿಗನ್‌ನಲ್ಲಿ ದಾಖಲಾತಿಯ ಅನುಕ್ರಮವನ್ನು ಹೆಚ್ಚುಕಡಿಮೆ ಸಮನಾದ ಮೂರು ಡಿವಿಷನ್‌ಗಳಾಗಿ ಕತ್ತರಿಸಲಾಗುತ್ತದೆ. ನ್ಯೂಜೆರ್ಸಿ ಸಾರ್ವಜನಿಕ ಮತ್ತು ಖಾಸಗಿ ಶಾಲೆಗಳಿಗೆ ಪ್ರತ್ಯೇಕ ಪ್ರಶಸ್ತಿಗಳನ್ನೇ ಇಟ್ಟಿದೆ. ಮಿನೆಸೋಟಾ 1970ರ ದಶಕದಲ್ಲಿ ಬಿಟ್ಟ ದಾರಿಗೆ ಇದು ಹತ್ತಿರ.

ಮ್ಯಾಸಚೂಸೆಟ್ಸ್‌ನ ‘ಸೂಪರ್ 8’ ಬಲದ ಆಧಾರದ ವಿಂಗಡಣೆಯ ದೀರ್ಘ ಉದಾಹರಣೆ. 1991ರಲ್ಲಿ ಆರಂಭವಾದ ಇದರಲ್ಲಿ ಅತ್ಯಂತ ಬಲಿಷ್ಠ ತಂಡಗಳನ್ನು ದಾಖಲಾತಿ ಲೆಕ್ಕಿಸದೆ ಆರಿಸಿ ಪ್ರತ್ಯೇಕ ಪಂದ್ಯಾವಳಿ ನಡೆಸಲಾಗುತ್ತಿತ್ತು. 2020ರಲ್ಲಿ ಸಾಂಕ್ರಾಮಿಕದಿಂದ ಅಂತಿಮ ಪಂದ್ಯ ನಡೆಯದೆ ಎರಡು ತಂಡಗಳು ಜಂಟಿ ವಿಜೇತರಾದವು. 2021-22ರಿಂದ ಫಲಿತಾಂಶಾಧಾರಿತ ರೇಟಿಂಗ್ ಬಳಸುವ ರಾಜ್ಯವ್ಯಾಪಿ ಪಂದ್ಯಾವಳಿ ಬಂದು ಸೂಪರ್ 8 ಕೊನೆಗೊಂಡಿತು. ಮಿನೆಸೋಟಾದ ಟಿಯರ್ ಎರಡೇ ವರ್ಷಕ್ಕೆ ನಿಂತದ್ದಕ್ಕೂ ಇದು ಸುಮಾರು ಮೂರು ದಶಕ ಉಳಿದದ್ದಕ್ಕೂ ಒಂದು ವ್ಯತ್ಯಾಸ ಕಾರಣವಿರಬಹುದು: ಸೂಪರ್ 8 ಮೇಲಿನವರನ್ನು ಪ್ರತ್ಯೇಕಿಸಿ ಗೌರವಿಸಿತು, ಆಯ್ಕೆಯಾಗುವುದೇ ಬಹುಮಾನವಾಯಿತು, ಕೆಳಗಿಳಿಯಲು ಅಲ್ಲಿ ಪ್ರಲೋಭನೆ ಕಡಿಮೆ.

ರೋಡ್ ಐಲೆಂಡ್‌ನಿಂದ ಒಂದೇ ಸಂಖ್ಯೆ ಸಾಕು. ಕ್ಯಾಥೊಲಿಕ್ ಶಾಲೆಯಾದ ಮೌಂಟ್ ಸೇಂಟ್ ಚಾರ್ಲ್ಸ್ 1978ರಿಂದ 2003ರವರೆಗೆ ಸತತ 26 ಬಾರಿ ರಾಜ್ಯ ಪ್ರಶಸ್ತಿ ಗೆದ್ದಿತು, ಅದೂ ಆ ರಾಜ್ಯದ ಅತ್ಯುನ್ನತ ಡಿವಿಷನ್‌ನಲ್ಲಿ. ಅದಕ್ಕಿಂತ ಮೇಲೆ ಏರಿಸಲು ದರ್ಜೆಯೇ ಇರಲಿಲ್ಲ. ಏರಿಕೆಯ ಯಾವ ನಿಯಮಕ್ಕೂ ಈ ಮಿತಿ ಇದ್ದೇ ಇರುತ್ತದೆ.

9. 2023ರ ನಂತರದ ದತ್ತಾಂಶದ ಬಗ್ಗೆ

ಮಾರ್ಚ್ 2023ರಲ್ಲಿ ಮಿನೆಸೋಟಾ ಎಲ್ಲ ವಿದ್ಯಾರ್ಥಿಗಳಿಗೂ ಉಚಿತ ಉಪಾಹಾರ ಮತ್ತು ಮಧ್ಯಾಹ್ನದ ಊಟ ನೀಡುವ ಕಾನೂನು ಮಾಡಿತು. 2023-24ರ ಶಾಲಾ ವರ್ಷದಿಂದ ಅದು ಜಾರಿಯಲ್ಲಿದೆ. ಕಾನೂನಿಗೂ ಹಾಕಿಗೂ ನೇರ ಸಂಬಂಧವಿಲ್ಲ. ಆದರೆ 4.1ರ ತಿದ್ದುಪಡಿ ನಿಂತಿರುವುದು ವರಮಾನ ಆಧಾರಿತ ಅರ್ಹತೆಯ ಎಣಿಕೆಯ ಮೇಲೆ. ಊಟ ಹೇಗೂ ಉಚಿತವಾದಾಗ ಅರ್ಜಿ ತುಂಬಲು ಕುಟುಂಬಕ್ಕಿದ್ದ ಮುಖ್ಯ ಕಾರಣ ಇಲ್ಲವಾಗುತ್ತದೆ. ಬೇರೆ ಸರ್ಕಾರಿ ನೆರವಿನ ಕಡತಗಳಿಂದ ನೇರವಾಗಿ ಗುರುತಿಸಲಾಗುವ ಮಕ್ಕಳು ಎಣಿಕೆಯಲ್ಲಿ ಉಳಿಯುತ್ತಾರೆ. ಅರ್ಜಿಯಿಂದ ಮಾತ್ರ ಗುರುತಾಗುತ್ತಿದ್ದವರು ಬಿಟ್ಟುಹೋಗುವ ಸಂಭವವಿದೆ. ಬಿಟ್ಟುಹೋಗುವ ಪ್ರಮಾಣ ಎಲ್ಲ ಶಾಲೆಗಳಲ್ಲೂ ಒಂದೇ ಇರುತ್ತದೆ ಎನ್ನಲು ಆಧಾರವಿಲ್ಲ, ಅನುಕ್ರಮಾಧಾರಿತ ವರ್ಗೀಕರಣದಲ್ಲಿ ಈ ಅಸಮಾನತೆಯೇ ಮುಖ್ಯ. ಮೇಲಿನ ಉದಾಹರಣೆಯ ಎರಡನೆಯ ಶಾಲೆಯಲ್ಲಿ ದಾಖಲಾದ ಅರ್ಹರು 500ರಿಂದ 200ಕ್ಕೆ ಇಳಿದರೆ, ಮಕ್ಕಳು ಅವರೇ, ಮನೆಗಳ ವರಮಾನ ಅದೇ, ಪರಿಷ್ಕೃತ ಸಂಖ್ಯೆ ಮಾತ್ರ 850ರಿಂದ 970ಕ್ಕೆ ಏರಿ ಮೊದಲ ಶಾಲೆಯ 960ನ್ನು ದಾಟುತ್ತದೆ. ಆದ್ದರಿಂದ 2023-24ರ ಹಿಂದಿನ ಮತ್ತು ಮುಂದಿನ ಪರಿಷ್ಕೃತ ದಾಖಲಾತಿಗಳನ್ನು ಒಂದೇ ಸರಣಿಯಾಗಿ ಹಿಡಿಯುವ ಮುನ್ನ ಅರ್ಹತೆಯನ್ನು ಯಾವ ಮೂಲದಿಂದ ಎಣಿಸಲಾಯಿತು ಎಂಬುದನ್ನು ಶಾಲೆವಾರು ನಮೂದಿಸುವುದು ಅಗತ್ಯ.